ಮುಝಮ್ಮಿಲ್ ಮಲಗುವ ಮನೆ

ಎರ್ಮಾಳಿನಲ್ಲಿ ನಮ್ಮ ಪಕ್ಕದ ಮನೆಯ ನುಸ್ರತ್ ಲೆಕ್ಕದಲ್ಲಿ ಗಟ್ಟಿ. ಕೋವಿಡ್‌ನ ಎರಡನೇ ಅಲೆಯಲ್ಲಿ ಮಣಿಪಾಲದ ಸಂಶೋಧಕರ ತಂಡವೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಯಾವ ಮನೆಯಲ್ಲಿ ಯಾರು ಯಾರೊಡನೆ ಇರುತ್ತಾರೆಂದು ಅವಳು ಬರೆದುಕೊಟ್ಟರೆ, ಸೋಂಕು ಮುಂದೆ ಯಾರಿಗೆ ತಗಲಬಹುದೆಂದು ಕಂಪ್ಯೂಟರ್ ಲೆಕ್ಕ ಹಾಕಿ ಹೇಳುತ್ತಿತ್ತು. ಅದು ಹೇಳಿದ ಮನೆಗೆ ಪರೀಕ್ಷೆಯವರು ಹೋಗುತ್ತಿದ್ದರು, ಬಾಗಿಲಿಗೆ ಟೇಪ್ ಬೀಳುತ್ತಿತ್ತು.

ಅಣ್ಣ ಮುಝಮ್ಮಿಲ್‌ನ ಹೆಸರನ್ನು ಅವಳು ರೇಷನ್ ಕಾರ್ಡ್ ನೋಡಿ ತಮ್ಮ ಮನೆಗೇ ಬರೆದಳು. ಕರಾವಳಿಯ ಬ್ಯಾರಿ ಮುಸ್ಲಿಮರಲ್ಲಿ ಹೊಸದಾಗಿ ಮದುವೆಯಾದವನು ರಾತ್ರಿ ಹೆಂಡತಿಯ ತವರಿಗೆ ಹೋಗಿ ಮಲಗುವುದು ಹಿಂದಿನಿಂದಲೂ ಇದ್ದ ಪದ್ಧತಿ. ಲಾಕ್‌ಡೌನ್ ಬಿದ್ದ ಮೇಲಂತೂ ಅವನು ಕಾಪುವಿನಲ್ಲಿ ಹೆಂಡತಿ ರಿಝಾನಾಳ ಮನೆಯಲ್ಲೇ ಉಳಿದಿದ್ದ. ಇಷ್ಟು ಕಲಿತವಳಿಗೆ ಅದು ಹೊಳೆಯಲಿಲ್ಲವಲ್ಲ ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ.

ಜ್ವರವೆಂದು ಆಸ್ಪತ್ರೆಗೆ ಹೋದ ಮುಝಮ್ಮಿಲ್‌ಗೆ ಪಾಸಿಟಿವ್ ಬಂತು, ಅವನನ್ನು ಅಲ್ಲೇ ಉಳಿಸಿಕೊಂಡರು. ಸೀಲ್ ಆದದ್ದು ಎರ್ಮಾಳಿನ ಮನೆ. ತಿಂಗಳಿಂದ ಅವನ ಮುಖ ಕಾಣದ ನುಸ್ರತ್, ತಾಯಿ ಖದೀಜಮ್ಮ ಇಬ್ಬರೂ ಒಳಗೆ. ಕಾಪುವಿನ ಮನೆಗೆ ಯಾರೂ ಹೋಗಲಿಲ್ಲ. ಯಾರೂ ಬಾರದ ಕಾರಣ ತಮಗೇನೂ ಇಲ್ಲವೆಂದುಕೊಂಡು, ರಿಝಾನಾಳ ತಂದೆ ಮಮ್ಮು ಬ್ಯಾರಿ ದಿನಸಿ ಅಂಗಡಿಯಲ್ಲಿ ಕುಳಿತಿದ್ದರು. ಅವರು ಹೃದ್ರೋಗಿ.

"ಈಗಲೇ ಮಣಿಪಾಲಕ್ಕೆ ಫೋನ್ ಮಾಡ್ತೇನೆ ಉಮ್ಮ," ಎಂದಳು ನುಸ್ರತ್.

"ಬೇಡ," ಎಂದರು ಖದೀಜಮ್ಮ. "ಮೂರು ತಿಂಗಳ ಸಂಬಂಧ. ಅಳಿಯ ರೋಗ ತಂದ, ನಾದಿನಿ ಬಾಗಿಲು ಹಾಕಿಸಿದಳು ಅಂತ ಕಾಪುವಿನವರು ಹೇಳುವುದಿಲ್ವಾ? ಎರಡು ದಿನ ನೋಡುವ."

ನುಸ್ರತ್ ಕಂಪ್ಯೂಟರಿನಲ್ಲಿ, ಯಾರಿಗೂ ಕಳಿಸದೆ, ಕಾಪುವಿನ ಮನೆಗೆ ಅಣ್ಣನ ಹೆಸರು ಸೇರಿಸಿ ನೋಡಿದಳು. ಅಪಾಯದವರ ಪಟ್ಟಿಯಲ್ಲಿ ಮೊದಲು ಬಂದದ್ದು ಮಮ್ಮು ಬ್ಯಾರಿ. ಅಳಿಸಿದಳು. ಮರುದಿನ ಮತ್ತೆ ಸೇರಿಸಿದಳು, ಮತ್ತೆ ಅದೇ ಹೆಸರು. ಹೊರಗೆ ಟೇಪ್, ಒಳಗೆ ಉಮ್ಮ.

ನಾಲ್ಕನೆಯ ದಿನ ತಡೆಯಲಾರದೆ ತಂಡದ ಮುಖ್ಯಸ್ಥ ಕಾರ್ಲ್‌ಗೆ ಎಲ್ಲ ಹೇಳಿದಳು. ಸಂಜೆ ಪರೀಕ್ಷೆಯವರು ಕಾಪುವಿಗೆ ಹೋದಾಗ ಮಮ್ಮು ಬ್ಯಾರಿ ಏದುಸಿರು ಬಿಡುತ್ತಿದ್ದರು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು.

ಎರ್ಮಾಳಿನ ಟೇಪ್ ಅಷ್ಟರೊಳಗೆ ಬಿಚ್ಚಿಯಾಗಿತ್ತು. ನುಸ್ರತ್ ಮಾತ್ರ ಹೊಸ್ತಿಲು ದಾಟಿರಲಿಲ್ಲ. ರಿಝಾನಾ ಫೋನ್ ಮಾಡಿದಳು, ದೂರಲು ಅಲ್ಲ.

"ನೀನು ಹೇಳಿದ್ದರಿಂದ ಪರೀಕ್ಷೆಯವರಾದರೂ ಬಂದರು ನುಸ್ರತ್. ಇಲ್ಲದಿದ್ದರೆ ಉಪ್ಪ ಮನೆಯಲ್ಲೇ ಹೋಗ್ತಿದ್ದರು. ನಿನಗೆ ಯಾವಾಗ ಗೊತ್ತಾದದ್ದು?"

ಎದುರಿಗೆ ನಿಂತಿದ್ದ ಖದೀಜಮ್ಮ ಬೇಡವೆಂದು ತಲೆ ಅಲ್ಲಾಡಿಸಿದರು.

"ಮೊದಲ ದಿನವೇ," ಎಂದಳು ನುಸ್ರತ್.