ಕೆಂಪು ಕಾರಿನ ಸೈಲೆನ್ಸರ್, ಅಪ್ಪನ ಗೇಟು

ನಾನು ಹಳೇ ಕಾರು ಕೊಂಡೆ ಎಂದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ, "ಯಾರು ಓಡಿಸ್ತಿದ್ದಿದ್ದು?" ಎಂದು. ಜೆ.ಪಿ. ನಗರದ ರಿಟೈರ್ಡ್ ಮೇಡಂ ಒಬ್ಬರು ಎಂದೆ. ವಾರಕ್ಕೊಮ್ಮೆ ತರಕಾರಿಗೆ, ಯಾವಾಗಲೋ ಒಮ್ಮೆ ಡಾಕ್ಟರ ಹತ್ತಿರಕ್ಕೆ, ಅಷ್ಟು ಬಿಟ್ಟರೆ ಆ ಕೆಂಪು ಹ್ಯಾಚ್‌ಬ್ಯಾಕ್ ಬೇರೆ ಲೋಕ ಕಂಡಿರಲಿಲ್ಲ. ಹತ್ತು ವರ್ಷ ದಾಟಿದ್ದರೂ ಸೀಟಿನ ಪ್ಲಾಸ್ಟಿಕ್ ಕವರ್ ಹಾಗೇ ಇತ್ತು. "ಎಲ್ರೂ ಹೊಸದು ತಗೋತಾರೆ, ನಿಂದೆಲ್ಲಾ ಉಲ್ಟಾ," ಎಂದು ಅಮ್ಮ ಗೊಣಗಿದರು. ನನಗೆ ಹೊಸದು ಬೇಕಿರಲಿಲ್ಲ. ಹೊಸ ಕಾರಿನ ಬಾನೆಟ್ ಎತ್ತಿದರೆ ಕಪ್ಪು ಮುಚ್ಚಳ ಬಿಟ್ಟು ಏನೂ ಕಾಣುವುದಿಲ್ಲ, ಕೈ ಹಾಕಿದರೆ ವಾರಂಟಿ ಹೋಯಿತು ಅನ್ನುತ್ತಾರೆ. ನನಗೆ ಕೈ ಹಾಕುವುದಕ್ಕೇ ಒಂದು ಕಾರು ಬೇಕಿತ್ತು.

ಜಯನಗರದ ಕಾಲೇಜೊಂದರಲ್ಲಿ ಅಕೌಂಟ್ಸ್ ಪಾಠ ಹೇಳುವ, ನಲವತ್ತು ದಾಟಿದ, ಮದುವೆಯ ಮಾತು ಎತ್ತಿ ಎತ್ತಿ ಮನೆಯವರೇ ಸುಸ್ತಾಗಿ ಕೈಬಿಟ್ಟ ಹೆಂಗಸಿಗೆ ಇದೆಂಥ ಹುಚ್ಚು ಎಂದು ಕೇಳುವವರಿಗೆ ನಾನು ಅಪ್ಪನನ್ನು ತೋರಿಸುತ್ತೇನೆ. ವಸಂತಪುರದಲ್ಲಿ ನಮ್ಮದು ಹಳೇ ಮನೆತನ. ಹೊಲವೆಲ್ಲ ಲೇಔಟ್ ಆದ ಮೇಲೆ ಮಹಡಿ ಕಟ್ಟಿ ಬಾಡಿಗೆಗೆ ಕೊಟ್ಟವರು. ಹೊಲ ಇದ್ದ ಕಾಲದಲ್ಲಿ ಅಪ್ಪ ಡೀಸೆಲ್ ಪಂಪನ್ನು ಬಿಚ್ಚಿ ಗೋಣಿಚೀಲದ ಮೇಲೆ ಹರಡಿಕೊಂಡು ಕೂತರೆ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನಟ್ಟು ಬೋಲ್ಟು ಎತ್ತಿಕೊಡುತ್ತಿದ್ದವಳು ನಾನು. ಅವನ್ನು ತೊಳೆಯುತ್ತಿದ್ದ ಸೀಮೆಎಣ್ಣೆಯ ವಾಸನೆ ಈಗಲೂ ನನಗೆ ಮಲ್ಲಿಗೆಗಿಂತ ಇಷ್ಟ.

ಹೊಲ ಹೋದ ಮೇಲೆ ಅಪ್ಪನಿಗೆ ಉಳಿದದ್ದು ಒಂದೇ ಕೆಲಸ, ಗೇಟು ತೆಗೆಯುವುದು. ಅದನ್ನು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ನನ್ನ ಸ್ಕೂಟರೋ ಬಾಡಿಗೆಯವರ ಬೈಕೋ ಬೀದಿಯ ತಿರುವಿಗೆ ಬರುವಷ್ಟರಲ್ಲಿ ಅಪ್ಪ ಎದ್ದು, ಚಿಲಕ ಸರಿಸಿ, ಗೇಟನ್ನು ಪೂರ್ತಿ ತೆರೆದು, ಪಕ್ಕಕ್ಕೆ ನಿಂತಿರುತ್ತಿದ್ದರು. "ಮನೇಲಿ ಜನ ಇದ್ದೂ ಗಾಡಿಯವ್ರು ಇಳ್ದು ಗೇಟ್ ತೆಗೀಬೇಕಾ? ಇದೇನು ಹಾಳು ಮನೆನಾ?" ಎನ್ನುವುದು ಅವರ ಮಾತು. ಅವರ ಅಪ್ಪನೂ ರಾಗಿ ಹುಲ್ಲಿನ ಗಾಡಿ ಬರುವಾಗ ಹೀಗೇ ಮುಂಚೆ ಹೋಗಿ ನಿಲ್ಲುತ್ತಿದ್ದರಂತೆ. ಆಗ ಗೇಟೂ ಇರಲಿಲ್ಲ, ಎರಡು ಬಿದಿರು ಗಳ ಅಡ್ಡ ಇಟ್ಟಿದ್ದರಂತೆ. ಕಾಲೇಜಿನಿಂದ ದಣಿದು ಬಂದಾಗ ತೆರೆದ ಗೇಟು ಕಂಡರೆ ಅರ್ಧ ಆಯಾಸ ಅಲ್ಲೇ ಇಳಿಯುತ್ತಿತ್ತು. ಇದನ್ನು ಅಪ್ಪನಿಗೆ ನಾನು ಯಾವತ್ತೂ ಹೇಳಿರಲಿಲ್ಲ, ನಮ್ಮ ಮನೆಯಲ್ಲಿ ಅಂಥದ್ದನ್ನೆಲ್ಲ ಹೇಳುವ ಪದ್ಧತಿ ಇಲ್ಲ.

ಆಮೇಲೆ ಅಪ್ಪನ ಕಿವಿ ಮಂದವಾಗತೊಡಗಿತು. ಮೊದಲು ಟೀವಿ ಜೋರಾಯಿತು, ಆಮೇಲೆ ಕುಕ್ಕರಿನ ಸೀಟಿ ತಪ್ಪಿತು, ಕೊನೆಗೆ ನನ್ನ ಸ್ಕೂಟರೂ ತಪ್ಪಿತು. ಮೊದಲ ಸಲ ನಾನೇ ಇಳಿದು ಚಿಲಕಕ್ಕೆ ಕೈ ಹಾಕಿದ ದಿನ, ಪೇಪರ್ ಕೈಯಲ್ಲೇ ಹಿಡಿದು ಅಪ್ಪ ಓಡಿ ಬಂದರು. ನನ್ನ ಕೈ ಚಿಲಕದ ಮೇಲಿರುವುದನ್ನು ನೋಡಿ ಹಾಗೇ ನಿಂತರು. ಮಾರನೆ ದಿನದಿಂದ ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮಧ್ಯಾಹ್ನವೇ ಕೂತುಬಿಟ್ಟರು, ಕಿವಿಯ ಕೆಲಸವನ್ನು ಕಣ್ಣಿಗೆ ಕೊಟ್ಟು. ಬಿಸಿಲು, ಬೀದಿಯ ಧೂಳು, ಕೆಮ್ಮು. "ವಾಚ್‌ಮನ್ ಕೆಲ್ಸಕ್ಕೆ ಸೇರ್ಕೊಂಡ್ರಾ?" ಎಂದು ಅಮ್ಮ ರೇಗಿದರು. ಜಯನಗರದ ಕಿವಿ ಡಾಕ್ಟರ ಹತ್ತಿರ ಹೋಗೋಣ ಎಂದರೆ ಅಪ್ಪನದು ಒಂದೇ ಉತ್ತರ. "ನಂಗೇನಾಗಿದೆ? ನೀವೆಲ್ಲಾ ಬಾಯೊಳಗೇ ಮಾತಾಡ್ತೀರ."

ಕೆಂಪು ಕಾರು ಮನೆಗೆ ಬಂದದ್ದು ಇಂಥ ಹೊತ್ತಿನಲ್ಲಿ. ಹಳೆಯದಾದರೂ ನಮಗೆ ಹೊಸದೇ ತಾನೇ, ಪೂಜೆ ಆಗಲೇಬೇಕು. ಅಪ್ಪ ಅಮ್ಮನನ್ನು ಕೂರಿಸಿಕೊಂಡು ದಿಬ್ಬದ ಮೇಲಿನ ದೇವಸ್ಥಾನಕ್ಕೆ ಹೊರಟೆ. ಎಸಿ ಹಾಕಿದ್ದೆ. ಏರು ಶುರುವಾದದ್ದೇ ತಡ, ಕಾರು ಏದುಸಿರು ಬಿಡತೊಡಗಿತು. ಎರಡನೇ ಗೇರು, ಆಮೇಲೆ ಒಂದನೇ ಗೇರು. ಹಿಂದಿನಿಂದ ಬಂದ ಆಟೋದವನು ನಮ್ಮನ್ನು ದಾಟಿಕೊಂಡು ಹೋಗುತ್ತಾ ಅಯ್ಯೋ ಪಾಪ ಎನ್ನುವ ಹಾಗೆ ನೋಡಿದ. "ಎಸಿ ಆಫ್ ಮಾಡೇ, ಪಾಪ ಅದಕ್ಕೂ ವಯಸ್ಸಾಗಿದೆ," ಎಂದರು ಅಮ್ಮ. ಪೂಜೆಯಾಗಿ, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣಿಟ್ಟು ಹಿಸುಕಿದೆವು. ಅದೊಂದನ್ನು ಮಾತ್ರ ಕಾರು ಸಲೀಸಾಗಿ ಮಾಡಿತು. ಇದಕ್ಕೆ ಬಲ ಕೊಡಿಸದೆ ಬಿಡುವುದಿಲ್ಲ ಎಂದು ಆ ಆಟೋದವನ ಮುಖ ನೆನೆದುಕೊಂಡು ಅಲ್ಲೇ ನಿಶ್ಚಯಿಸಿದೆ.

ತಿಲಕ್ ನಗರದಲ್ಲಿ ಇಂಥ ಕೆಲಸಕ್ಕೆ ಒಂದು ಗ್ಯಾರೇಜಿದೆ ಎಂದು ನನ್ನ ವಿದ್ಯಾರ್ಥಿಗಳ ಬಾಯಿಂದ ಕೇಳಿದ್ದೆ. ಮೆಕ್ಯಾನಿಕ್ ನನ್ನ ಸೀರೆಯನ್ನೂ ಕಾರನ್ನೂ ನೋಡಿ, "ಮಗನಿಗಾ ಮೇಡಂ?" ಎಂದು ಕೇಳಿದ. "ಮಗನೂ ಇಲ್ಲ, ಅವನಿಗೂ ಅಲ್ಲ. ನಂಗೇ," ಎಂದೆ. ಆಮೇಲೆ ಆತ ಮರ್ಯಾದೆಯಿಂದ ಬಾನೆಟ್ ಎತ್ತಿದ. ಹೊಸ ಸ್ಪಾರ್ಕ್ ಪ್ಲಗ್ಗು, ಗಾಳಿ ಧಾರಾಳವಾಗಿ ಎಳೆದುಕೊಳ್ಳುವ ಫಿಲ್ಟರ್, ಸ್ವಲ್ಪ ಅಗಲದ ಟೈರು, ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಪ್ರೋಗ್ರಾಮ್, ಹೀಗೆ ಒಂದೊಂದು ಶನಿವಾರಕ್ಕೆ ಒಂದೊಂದು. ಕಾರನ್ನು ನೆಲಕ್ಕೆ ಹತ್ತಿರ ತರುವ ಗಿಡ್ಡ ಸ್ಪ್ರಿಂಗನ್ನೂ ಹಾಕಿಸಿದೆ. ಬನಶಂಕರಿಯಿಂದ ಮನೆಯವರೆಗೆ ಇರುವ ಹಂಪುಗಳೆಲ್ಲ ಒಂದಾದ ಮೇಲೊಂದು ನನ್ನ ಕಾರಿನ ಹೊಟ್ಟೆಯನ್ನು ಕೆರೆದವು. ಅಮ್ಮ ಇಳಿಯುವಾಗ, "ಇದು ಕಾರಾ, ಮಣೆನಾ?" ಎಂದು ಕೇಳಿದರು. ಮುಂದಿನ ಶನಿವಾರವೇ ಹಳೇ ಸ್ಪ್ರಿಂಗು ವಾಪಸ್ಸಾಯಿತು.

ಕೊನೆಯದಾಗಿ ಸೈಲೆನ್ಸರ್. ದಪ್ಪ ಬಾಯಿನ, ಹೊಳೆಯುವ ಸ್ಟೀಲಿನದು. "ಇದರಿಂದ ಎಳೆತ ಜಾಸ್ತಿ ಆಗತ್ತಾ?" ಎಂದು ಕೇಳಿದೆ. ಮೆಕ್ಯಾನಿಕ್ ತಲೆ ಕೆರೆದುಕೊಂಡ. "ನಿಜ ಹೇಳ್ಬೇಕಂದ್ರೆ ಮೇಡಂ, ಚಿಕ್ಕ ಎಂಜಿನ್ನು, ಏರಲ್ಲಿ ಒಂಚೂರು ಕಮ್ಮಿನೇ ಆಗ್ಬೋದು. ಆದ್ರೆ ಸೌಂಡು ಮಾತ್ರ ಸಖತ್ತಾಗಿರತ್ತೆ." ಅಷ್ಟು ಹೊತ್ತಿಗೆ ಅದರ ಹೊಳಪಿಗೆ ನನ್ನ ತಲೆ ತಿರುಗಿಹೋಗಿತ್ತು. ಹಾಕಿ ಎಂದುಬಿಟ್ಟೆ.

ಅವತ್ತು ಸಂಜೆ ಕನಕಪುರ ರಸ್ತೆಯ ಉದ್ದಕ್ಕೂ ಜನ ತಿರುಗಿ ತಿರುಗಿ ನೋಡಿದರು. ಒಳಗೆ ಸೀರೆ ಉಟ್ಟು ಕನ್ನಡಕ ಹಾಕಿದ ಮೇಡಂ ಇರುವುದನ್ನು ನೋಡಿ ಇನ್ನೊಮ್ಮೆ ನೋಡಿದರು. ನನಗೇ ನಾಚಿಕೆಯಾಗತೊಡಗಿತ್ತು. ನಾಳೆಯೇ ತೆಗೆಸಿಬಿಡಬೇಕು ಅಂದುಕೊಳ್ಳುತ್ತಾ ನಮ್ಮ ಬೀದಿಗೆ ತಿರುಗಿದೆ.

ಗೇಟು ತೆರೆದಿತ್ತು. ಕುರ್ಚಿ ಖಾಲಿ ಇತ್ತು. ಅಪ್ಪ ಪಕ್ಕಕ್ಕೆ ಸರಿದು, ಮೊದಲಿನ ಹಾಗೇ, ಒಂದು ಕೈ ಗೇಟಿನ ಮೇಲಿಟ್ಟು ನಿಂತಿದ್ದರು. ಕಾರು ಒಳಗೆ ಹೋದ ಮೇಲೆ ಕಿಟಕಿಗೆ ಬಗ್ಗಿ, "ನಾನು ಒಳ್ಗಡೆ ಕಾಫಿ ಕುಡೀತಿದ್ದೆ ಕಣೆ. ತಿರುವಲ್ಲಿ ಇರೋವಾಗ್ಲೇ ಕೇಳ್ತು," ಎಂದರು. ಮಗಳು ಬಂದಳು ಎನ್ನುವುದಕ್ಕಿಂತ ಕೇಳಿತು ಎನ್ನುವ ಸಂತೋಷವೇ ಮುಖದ ತುಂಬ ಇತ್ತು. ಬ್ಯಾಗ್ ಹುಡುಕುವ ನೆಪದಲ್ಲಿ ಸ್ವಲ್ಪ ಹೊತ್ತು ಕಾರಿನಲ್ಲೇ ಕೂತಿದ್ದೆ. ಸೈಲೆನ್ಸರ್ ತೆಗೆಸುವ ಮಾತು ಅಲ್ಲಿಗೆ ಮುಗಿಯಿತು.

ಆಮೇಲಿನ ದಿನಗಳಲ್ಲಿ ಆ ಕಾರು ಓಡಿಸುವುದು ಒಂದು ಶಿಕ್ಷೆ. ಏರಿನಲ್ಲಿ ಮೊದಲಿಗಿಂತ ಮಂಕು, ಸಿಗ್ನಲ್ಲಿನಲ್ಲಿ ತಲೆನೋವು, ಕಾಲೇಜಿನ ಗೇಟಿನ ಬಳಿ ಹುಡುಗರ ಶಿಳ್ಳೆ. ಟ್ರಾಫಿಕ್ ಪೊಲೀಸರೊಬ್ಬರು ಸಾರಕ್ಕಿಯ ಹತ್ತಿರ ನಿಲ್ಲಿಸಿ, ನನ್ನನ್ನು ನೋಡಿ ಏನು ಬೈಯಬೇಕೆಂದು ತಿಳಿಯದೆ, "ಏನ್ ಮೇಡಂ ನೀವೂ?" ಎಂದಷ್ಟೇ ಹೇಳಿ ಕಳುಹಿಸಿದರು. ನಾನು ಎಲ್ಲವನ್ನೂ ಸಹಿಸಿಕೊಂಡೆ. ಯಾಕೆಂದರೆ ಅಪ್ಪ ಕುರ್ಚಿಯನ್ನು ಒಳಗೆ ಎತ್ತಿಟ್ಟಿದ್ದರು. ಕೆಮ್ಮು ಹೋಗಿತ್ತು. ಬಾಡಿಗೆಯವರ ಹತ್ತಿರವೆಲ್ಲ, "ಇವ್ರು ಕಿವಿ ಡಾಕ್ಟರ್ ಅಂತಿದ್ರು. ನೋಡಿ, ನನ್ನ ಮಗಳ ಕಾರು ಅಷ್ಟು ದೂರ ಇರೋವಾಗ್ಲೇ ಕೇಳತ್ತೆ," ಎಂದು ಹೇಳಿಕೊಂಡು ಓಡಾಡುತ್ತಿದ್ದರು. ಆ ಸದ್ದು ಇಡೀ ಬೀದಿಗೆ ಕೇಳುತ್ತದೆ ಎನ್ನುವುದನ್ನು ಅವರಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಆಗ ಪಕ್ಕದ ಮನೆ ಆಂಟಿಯ ಮಗಳು ತವರಿಗೆ ಬಾಣಂತನಕ್ಕೆ ಬಂದಳು. ಚೊಚ್ಚಲ ಹೆರಿಗೆ, ಹೆಣ್ಣು ಮಗು. ನಾನು ಹುಟ್ಟುವ ಮುಂಚಿನಿಂದ ನೆರೆಹೊರೆ ನಮ್ಮದು. ಆಂಟಿ ಒಂದು ದಿನ ಬಾಣಂತಿಗೆಂದು ಮಾಡಿದ ಅಂಟಿನುಂಡೆಯನ್ನು ಡಬ್ಬಿಯಲ್ಲಿ ಹಿಡಿದು ಬಂದು, ಬಾಗಿಲಲ್ಲೇ ನಿಂತು, ಸೆರಗಿನ ತುದಿ ತಿರುವುತ್ತಾ, "ತಪ್ಪು ತಿಳ್ಕೋಬೇಡ ಕಣೆ, ಮಗು ಬೆಚ್ಚಿ ಬೀಳತ್ತೆ," ಎಂದರು. ನನ್ನ ಮುಖಕ್ಕೆ ಹೊಡೆದ ಹಾಗಾಯಿತು. ಆಗಲಿ ಆಂಟಿ ಎಂದೆ. ಎಂದೆನೇ ಹೊರತು ಗ್ಯಾರೇಜಿಗೆ ಹೋಗಲು ಮನಸ್ಸು ಬರಲಿಲ್ಲ. ಮಗುವಿನ ನಿದ್ದೆ ಒಂದು ಕಡೆ, ಅಪ್ಪನ ಗೇಟು ಒಂದು ಕಡೆ. ಶನಿವಾರ ಬರಲಿ ಎಂದು ದಿನ ದೂಡಿದೆ.

ಶನಿವಾರಕ್ಕೆ ಮುಂಚೆಯೇ ಅದು ಮುಗಿಯಿತು. ಅವತ್ತು ಕಾಲೇಜಿನಿಂದ ಬರುವಾಗ ಗೇಟು ಮುಚ್ಚಿತ್ತು. ನೋಡಿದರೆ ಅಪ್ಪ ಪಕ್ಕದ ಮನೆಯ ಜಗಲಿಯಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದರು. ನಡುವೆ ಸೊಂಟದೆತ್ತರದ ಕಾಂಪೌಂಡು ಅಷ್ಟೇ, ಎಲ್ಲ ಕಾಣುತ್ತಿತ್ತು. ನನ್ನ ಕಾರಿನ ಸದ್ದಿಗೆ ಅಪ್ಪ ತಲೆಯೆತ್ತಿ, ಅಂಗಳದ ಆಚೆ ತುದಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಆಂಟಿಯ ಕಡೆ ತಿರುಗಿ, ಹೆಮ್ಮೆಯಿಂದ, "ಬಂದ್ಲು ನೋಡಿ, ಕೇಳ್ತು ನಂಗೆ," ಎಂದರು. ಅವರ ತೊಡೆಯ ಮೇಲೆ ಮಗು ಕಿರುಚುತ್ತಿತ್ತು. ಮುಖ ಕೆಂಪಾಗಿ, ಪುಟ್ಟ ಮುಷ್ಟಿ ಬಿಗಿಹಿಡಿದು, ಉಸಿರು ಕಟ್ಟುವ ಹಾಗೆ ಕಿರುಚುತ್ತಿತ್ತು. ಅಪ್ಪ ನಗುತ್ತಲೇ ಇದ್ದರು.

ನಾನು ಎಂಜಿನ್ ಆಫ್ ಮಾಡಿದೆ. ಆಂಟಿ ಓಡಿ ಬಂದು ಮಗುವನ್ನು ಎತ್ತಿಕೊಂಡರು. ಆಗ ಅಪ್ಪ ಮಗುವಿನ ಕಡೆ ನೋಡಿದರು. ಅದರ ತೆರೆದ ಬಾಯಿಯನ್ನೇ ನೋಡಿದರು. ಕಾರಿನ ಸದ್ದು ನಿಂತಿತ್ತು, ಮಗುವಿನ ಅಳು ಬಿಟ್ಟರೆ ಬೀದಿಯಲ್ಲಿ ಬೇರೆ ಸದ್ದಿರಲಿಲ್ಲ.

"ಅಳ್ತಿದ್ಯಾ?" ಎಂದು ಅಪ್ಪ ಕೇಳಿದರು.

ಆಂಟಿ ಮಗುವಿನ ಬೆನ್ನು ತಟ್ಟುತ್ತಾ ಒಳಗೆ ಹೋದರು. ಅಪ್ಪ ಎದ್ದು ಬಂದು ಗೇಟು ತೆಗೆದರು. ನಾನು ಕಾರನ್ನು ಒಳಗೆ ತಂದು ನಿಲ್ಲಿಸಿದ ಮೇಲೂ ಅವರು ಗೇಟಿನ ಹತ್ತಿರವೇ ನಿಂತಿದ್ದರು. ಒಳಗೆ ಬಂದು ಚಪ್ಪಲಿ ಬಿಡುತ್ತಾ, ನನ್ನ ಮುಖ ನೋಡದೆ ಹೇಳಿದರು. "ಆ ಸೈಲೆನ್ಸರ್ ತೆಗೆಸ್ಬಿಡು. ಎಷ್ಟು ಹೊತ್ತಿಂದ ಅಳ್ತಿತ್ತೋ ಏನೋ, ನಾನು ತೊಡೆ ಮೇಲೆ ಆಡಿಸ್ಕೊಂಡು ನಗ್ತಾ ಕೂತಿದೀನಿ." ಚಪ್ಪಲಿಯನ್ನು ಗೋಡೆಗೆ ಸರಿಸಿಟ್ಟು, "ಆ ಡಾಕ್ಟ್ರು ಇದಾರಲ್ಲ, ಜಯನಗರದಲ್ಲಿ," ಎಂದರು. ಅಮ್ಮ ಅಡುಗೆಮನೆಯಿಂದ ಇಣುಕಿದವರು ಹಾಗೇ ಒಳಗೆ ಹೋದರು. ಒಂದು ಅವಕಾಶ ಸಿಕ್ಕಿಯೂ ಅಪ್ಪನನ್ನು ಛೇಡಿಸದೆ ಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

ಹಳೇ ಸೈಲೆನ್ಸರ್ ಹಾಕಿದ ಮೇಲೆ ಕಾರಿಗೆ ಹೋದ ಜೀವ ಬಂದ ಹಾಗಾಯಿತು. ಪ್ಲಗ್ಗು, ಫಿಲ್ಟರು, ಪ್ರೋಗ್ರಾಮ್, ಇಷ್ಟು ದಿನ ಮಾಡಿಸಿದ್ದೆಲ್ಲ ಒಟ್ಟಿಗೆ ಕೆಲಸ ಮಾಡತೊಡಗಿ, ಎಸಿ ಹಾಕಿದ್ದರೂ ಏರನ್ನು ಸರಾಗವಾಗಿ ಹತ್ತಿತು. ನನಗೆ ಬೇಕಿದ್ದ ಕಾರು ಸಿಕ್ಕಿತ್ತು. ಅಪ್ಪನನ್ನು ಜಯನಗರಕ್ಕೆ ಕರೆದುಕೊಂಡು ಹೋಗಿ ಬಂದದ್ದು ಅದರಲ್ಲೇ. ಪರೀಕ್ಷೆಗಳೆಲ್ಲ ಆಗಿ, ಎರಡೂ ಕಿವಿಗೆ ಮಿಷನ್ ಹಾಕಿ ಕಳುಹಿಸಿದ ದಿನ ಅಪ್ಪ ದಾರಿಯುದ್ದಕ್ಕೂ ಮೈ ಬಿಗಿಹಿಡಿದು ಕೂತಿದ್ದರು. "ಯಾರು ಪೇಪರ್ ಹರೀತಿರೋದು?" ಎಂದು ಕೇಳಿದರು. ಅದು ಅವರದೇ ಗಂಜಿ ಹಾಕಿದ ಶರಟಿನ ಸದ್ದು. ಇಂಡಿಕೇಟರಿನ ಟಿಕ್ ಟಿಕ್ ಕೇಳಿ ಅದನ್ನು ನಿಲ್ಲಿಸು ಎಂದರು. ಇದು ನಂಗೆ ಆಗಲ್ಲ ಎಂದು ಎರಡು ಸಲ ಕಿವಿಗೆ ಕೈ ಹಾಕಿದರು.

ಮನೆ ಮುಂದೆ ಕಾರು ನಿಲ್ಲಿಸಿದಾಗ, "ನೀನಿರು, ನಾನ್ ತೆಗೀತೀನಿ," ಎಂದು ಇಳಿದರು. ಚಿಲಕದ ಮೇಲೆ ಕೈ ಇಟ್ಟವರು ಹಾಗೇ ನಿಂತುಬಿಟ್ಟರು. ಪಕ್ಕದ ಮನೆಯೊಳಗಿಂದ ಮಗು ಅಳುವುದು ಕೇಳುತ್ತಿತ್ತು, ಬಾಗಿಲು ಹಾಕಿದ್ದರಿಂದ ಸಣ್ಣಗೆ. ಅಪ್ಪ ಕತ್ತು ಆ ಕಡೆ ತಿರುಗಿಸಿ, ಬಾಯಿ ಅರ್ಧ ತೆರೆದು ನಿಂತಿದ್ದರು. ಅವರ ಕಣ್ಣಲ್ಲಿ ನೀರು ತುಂಬುವುದನ್ನು ನಾನು ಗಾಜಿನ ಮೂಲಕ ನೋಡಿದೆ. ಆಯುಷ್ಯದಲ್ಲಿ ಒಂದು ಗಾಡಿಯನ್ನೂ ಬೇಕೆಂದು ಗೇಟಿನ ಮುಂದೆ ಕಾಯಿಸದ ಮನುಷ್ಯ. ನನ್ನ ಹಿಂದೆ ಮಹಡಿಯ ಬಾಡಿಗೆಯವರ ಬೈಕ್ ಬಂದು ನಿಂತಿತು. ಸ್ವಲ್ಪ ಹೊತ್ತು ನೋಡಿ ಅವರು ಒಂದು ಸಣ್ಣ ಹಾರ್ನ್ ಹೊಡೆದರು.

ಅಪ್ಪ ತಿರುಗಿ ನೋಡದೆ, ಇನ್ನೊಂದು ಕೈ ಎತ್ತಿ ತಡೆದು, "ಇರಪ್ಪ, ಮಗು ಅಳ್ತಿದೆ," ಎಂದರು.