ಸೀಗೆಬಳ್ಳಿಯ ತುದಿಗೊಂಚಲು

ನಾನು ಚಿಕ್ಕವನಿದ್ದಾಗ, ಮಕ್ಕಳೇ, ನಿಮ್ಮ ಶಾಂಪೂ ಪೊಟ್ಟಣದ ಹೆಸರೇ ಗೊತ್ತಿರಲಿಲ್ಲ. ತಲೆಗೆ ಸೀಗೆಪುಡಿಯೇ ಗತಿ. ಕಣ್ಣಿಗೆ ಬಿದ್ದರೆ ಊರೆಲ್ಲ ಕೇಳುವಂತೆ ಅಳುತ್ತಿದ್ದೆ. ಆದರೂ ಅಕ್ಕನ ಒದ್ದೆ ಕೂದಲಿನ ಆ ಘಮ ಈಗ ಎಲ್ಲಿ ಸಿಗುತ್ತದೆ?

ಅಂಚೆಟ್ಟಿ ಕಾಡಂಚಿನ ನಮ್ಮ ಹಟ್ಟಿಗೆ ಸೀಗೆಯಿಂದಲೇ ಊಟ. ಬೇಸಿಗೆಗೆ ಮುಂಚೆ ಕಾಯಿ ಬಿಡಿಸಿ, ಊರ ಹಿಂದಿನ ಹಾಸುಬಂಡೆಯ ಮೇಲೆ ಒಣಗಿಸಿ, ಸಂತೆಯಲ್ಲಿ ಕೊಟ್ಟು ರಾಗಿ ತರುತ್ತಿದ್ದೆವು. ಮುಳ್ಳಿನ ಬಳ್ಳಿ ಅದು, ಅಕ್ಕನ ಕೈ ತುಂಬ ಗೀರು. ಎಷ್ಟೇ ಕಾಯಿರಲಿ, ತುದಿಯ ಗೊಂಚಲುಗಳನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ಅದು ಕಾಡಿನ ಪಾಲು. ಅದರ ಬೀಜ ಉದುರಿಯೇ ಹೊಸ ಬಳ್ಳಿ ಏಳಬೇಕು.

ಒಂದು ವರ್ಷ ಬಂಡೆಯ ಮೇಲಿನ ಕಾಯಿ ಗಲಗಲ ಅನ್ನುವಷ್ಟು ಒಣಗಿತ್ತು. ನಡುಮಧ್ಯಾಹ್ನ ಎಲ್ಲಿತ್ತೋ ಮೋಡ, ಆಲಿಕಲ್ಲು ಸಮೇತ ಸುರಿಯಿತು. ನಾವು ಗೋಣಿಚೀಲ ಹಿಡಿದು ಓಡುವಷ್ಟರಲ್ಲಿ ಅರ್ಧ ಕೊಚ್ಚಿಹೋಗಿತ್ತು. ಉಳಿದದ್ದು ಬೂಸ್ಟು ಹಿಡಿದು ಕಪ್ಪಾಯಿತು. ಮನೆಯ ರಾಗಿಮಡಕೆ ಆಗಲೇ ತಳ ಕಂಡಿತ್ತು.

ಕೆಲವು ದಿನ ಕಳೆದು ಅಪ್ಪ ಕಾಯಿ ಕೀಳುವ ದೋಟಿ ಹಿಡಿದು ಕಾಡಿಗೆ ಹೊರಟ. ಅಕ್ಕನೂ ನಾನೂ ಹಿಂದೆ ಹೋದೆವು. ಬಳ್ಳಿಯ ತುದಿಯಲ್ಲಿ ಕಾಡಿನ ಪಾಲು ಹಾಗೇ ತೂಗುತ್ತಿತ್ತು. ಅಪ್ಪ ದೋಟಿ ಎತ್ತಿದ.

"ಬ್ಯಾಡಪ್ಪಾ," ಎಂದಳು ಅಕ್ಕ. "ಅದ್ನೂ ಕಿತ್ಕೊಂಬುಟ್ರೆ ಮುಂದಕ್ಕೆ ಏನೈತೆ?"

"ಹೊಟ್ಟೆ ಕೇಳ್ತದೇನವ್ವಾ?" ಎಂದ ಅಪ್ಪ. ದೋಟಿಯ ಕೊಕ್ಕೆಯನ್ನು ಗೊಂಚಲಿಗೆ ಸಿಕ್ಕಿಸಿ, ಮತ್ತೆ ಬಿಡಿಸಿದ. ಕೊನೆಗೆ ದೋಟಿಯನ್ನು ನನ್ನ ಕೈಗೆ ಕೊಟ್ಟು, "ನಡೀಲಾ, ಗೆಣಸು ಅಗೆಯಾನ," ಎಂದ.

ಆ ಬೇಸಿಗೆಯೆಲ್ಲ ಕಾಡುಗೆಣಸೇ. ನಾಲಿಗೆ ಕೆರೆಯುತ್ತಿತ್ತು, ಹೊಟ್ಟೆ ತುಂಬುತ್ತಿರಲಿಲ್ಲ. ಅಕ್ಕನ ಮೇಲೆ ನಾನು ಮೂತಿ ಊದಿಸಿಕೊಂಡೇ ಇದ್ದೆ. ಮಳೆಗಾಲದಲ್ಲಿ ಆ ಬಳ್ಳಿಯ ಕೆಳಗೆ ಸಸಿಗಳು ಎದ್ದವು. ಅವೇ ಬಳ್ಳಿಯಾಗಿ ನಮ್ಮನ್ನು ಎಷ್ಟೋ ವರ್ಷ ಸಾಕಿದವು.

ಆ ಅಕಾಲದ ಮಳೆಯ ಮಾತು ಹಟ್ಟಿಯಲ್ಲಿ ವರ್ಷಗಟ್ಟಲೆ ನಡೆಯಿತು. ಈಗ ಅಂಥದ್ದು ವರ್ಷವೂ ಬರುತ್ತದೆ. ಹೂವಿನ ಮೇಲೆ ಆಲಿಕಲ್ಲು ಬೀಳುತ್ತದೆ, ಇಲ್ಲವೇ ಬಳ್ಳಿಯನ್ನೇ ಸುಡುವ ಬಿಸಿಲು. ನಿಮ್ಮ ಅಪ್ಪಂದಿರು ಹೊಸೂರಿನ ಫ್ಯಾಕ್ಟರಿ ಬಸ್ಸು ಹತ್ತುತ್ತಾರೆ. ಹಾಸುಬಂಡೆಯ ಮೇಲೆ ನೀವು ಕ್ರಿಕೆಟ್ ಆಡುತ್ತೀರಿ. ಅಕ್ಕ ಇಲ್ಲ, ಸೀಗೆಯೂ ಇಲ್ಲ. ಎರಡೂ ಬೇಕೆನಿಸುತ್ತದೆ ನನಗೆ.

ಮೊನ್ನೆ ನಿಮ್ಮಲ್ಲಿ ಕಿರಿಯವನು ನನ್ನ ಜೊತೆ ಕಾಡಿಗೆ ಬಂದಿದ್ದ. ಹೇಗೋ ಉಳಿದಿದ್ದ ಒಂದು ಸೀಗೆಬಳ್ಳಿಯ ತುದಿಯಲ್ಲಿ ಒಂದೇ ಒಂದು ಗೊಂಚಲು ಕಂಡು ಕಲ್ಲೆತ್ತಿದ.

"ಬ್ಯಾಡ ಕಣ್ಲಾ, ಅದು ಕಾಡಿನ ಪಾಲು," ಎಂದೆ.

ಅವನು ಬಳ್ಳಿಯನ್ನು ಮೇಲಿಂದ ಕೆಳಗಿನವರೆಗೂ ನೋಡಿ ಕೇಳಿದ: "ಮತ್ತೆ ನಮ್ ಪಾಲೆಲ್ಲಿ ತಾತಾ?"