ರೊಟ್ಟಿ ಒಲೆಯ ಹೊಗೆಯ ಲೆಕ್ಕ

ಭಾಲ್ಕಿಯಲ್ಲಿ ನಮ್ಮ ಮನೆಯ ಹಿಂದೆ ತಗಡು ಹೊದಿಸಿದ ಒಂದು ಕೋಣೆ ಇತ್ತು. ಅವ್ವ ಮತ್ತು ಅವಳ ತಂಗಿ, ನನ್ನ ಚಿಗವ್ವ, ಅಲ್ಲಿ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದರು. ಊರಿನ ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಅಲ್ಲಿಂದಲೇ ರೊಟ್ಟಿ ಹೋಗುತ್ತಿತ್ತು. ನಸುಕಿನಲ್ಲೇ ಶುರುವಾಗುವ ಆ ಪಟಪಟ ಸದ್ದಿಗೇ ನಾನು ಏಳುತ್ತಿದ್ದೆ. ಒಲೆಗೆ ಹಾಕುತ್ತಿದ್ದದ್ದು ತೊಗರಿ ಕಟ್ಟಿಗೆ. ಅದು ಬೇಗ ಹೊತ್ತುತ್ತದೆ, ಬೇಗ ಉರಿಯುತ್ತದೆ, ಹೊಗೆಯೂ ಅಷ್ಟೇ ಜೋರು. ಸಾಲಿಗೆ ಹೋಗುವಾಗ ನನ್ನ ಜಡೆಗೆ, ಪುಸ್ತಕಕ್ಕೆ, ಡಬ್ಬಿಗೆ ಹೊಗೆಯ ವಾಸನೆ ಇರುತ್ತಿತ್ತು. ಅವ್ವನ ಕಣ್ಣು ಯಾವಾಗಲೂ ಕೆಂಪಗೆ. ಬೇರೆಯವರ ಅವ್ವಂದಿರ ಕಣ್ಣು ಬೆಳ್ಳಗೆ ಇರುತ್ತವೆಂಬುದು ನನಗೆ ಹೊಳೆದದ್ದೇ ತಡವಾಗಿ.

ಬೀದರಿನಲ್ಲಿ ಎಂ.ಟೆಕ್ ಓದುವಾಗ ಪ್ರಾಜೆಕ್ಟಿನ ವಿಷಯ ಆರಿಸುವ ಹೊತ್ತು ಬಂತು. ಗೆಳತಿಯರು ವಿಮಾನದ ರೆಕ್ಕೆ, ಕಾರಿನ ಮೈ ಎಂದೆಲ್ಲ ಬರೆದುಕೊಟ್ಟರು. ಗಾಳಿ, ನೀರು ಹರಿಯುವ ರೀತಿಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವುದು ನಮ್ಮ ಓದು. ನಾನು "ರೊಟ್ಟಿ ಒಲೆಯ ಮೇಲಿನ ಹೊಗೆಗೂಡು" ಎಂದು ಬರೆದೆ. ನನ್ನ ಗೈಡ್ ಆಗಿದ್ದ ಸರ್ ಔರಾದ ಕಡೆಯವರು, ಕಡಿಮೆ ಮಾತಿನವರು. ಹಾಳೆ ನೋಡಿ ಕೇಳಿದರು.

"ಯಾರ ಮನಿ ಒಲಿ?"

"ನಮ್ಮವ್ವಂದ್ರಿ ಸರ್."

"ಹಂಗಾದ್ರ ಸುಳ್ಳ ಲೆಕ್ಕ ಮಾಡಾಕ ಬರಂಗಿಲ್ಲ ನಿನಗ," ಎಂದು ಸಹಿ ಹಾಕಿದರು.

ನಮ್ಮ ಲ್ಯಾಬಿನಲ್ಲಿ ಇಂಥ ಕೆಲಸಕ್ಕೆ ತಾಳುವ ಕಂಪ್ಯೂಟರ್ ಇದ್ದದ್ದು ಒಂದೇ. ಅದನ್ನು ಪಾಳಿಯ ಮೇಲೆ ಕೊಡುತ್ತಿದ್ದರು. ನಾನು ಬೀದರಿನ ಮೈಲೂರು ಬಡಾವಣೆಯಲ್ಲಿ ಸೋದರತ್ತೆಯ ಮನೆಯಲ್ಲಿದ್ದೆ; ಬೆಳಗಾಗುತ್ತಲೇ ಲ್ಯಾಬಿಗೆ ಓಡುತ್ತಿದ್ದೆ. ಅವ್ವನ ಕೋಣೆಯನ್ನು ಅಳೆದು ತಂದು, ಬಾಗಿಲು, ಒಲೆ, ಅದರ ಮೇಲೆ ಹೊಸದಾಗಿ ಕೂರಿಸಬೇಕೆಂದಿದ್ದ ತಗಡಿನ ಗೂಡು, ಗೂಡಿನಿಂದ ಮೇಲೆ ಹೋಗುವ ಪೈಪು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಕಟ್ಟಿದೆ. ಒಳಗಿನ ಗಾಳಿಯನ್ನು ಲಕ್ಷಗಟ್ಟಲೆ ಸಣ್ಣ ಸಣ್ಣ ಖಾನೆಗಳಾಗಿ ಕತ್ತರಿಸಿದೆ. ಪ್ರತಿ ಖಾನೆಗೂ ಎಷ್ಟು ಗಾಳಿ ಬಂತು, ಎಷ್ಟು ಹೋಯಿತು ಎಂದು ಕಂಪ್ಯೂಟರ್ ಮೊದಲು ಅಂದಾಜು ಮಾಡುತ್ತದೆ. ಅಂದಾಜು ತಾಳೆಯಾಗುವುದಿಲ್ಲ. ತಿದ್ದುತ್ತದೆ. ಮತ್ತೆ ತಿದ್ದುತ್ತದೆ. ತಾಳೆಯಾಗದೆ ಉಳಿದ ತಪ್ಪು ಎಷ್ಟೆಂದು ಪರದೆಯ ಮೇಲೆ ಬಣ್ಣದ ಗೆರೆಗಳಾಗಿ ಕಾಣುತ್ತದೆ. ಗೆರೆ ಇಳಿದಷ್ಟೂ ತಪ್ಪು ಕಡಿಮೆ ಎಂದರ್ಥ.

ಮೊದಲ ಸಲ ಗೆರೆಗಳು ಇಳಿಯುವುದನ್ನು ನೋಡುತ್ತ ಕೂತದ್ದು ನನಗೆ ಈಗಲೂ ನೆನಪಿದೆ. ಕಿಟಕಿಯಾಚೆ ಬೇವಿನ ಮರ, ತಲೆಯ ಮೇಲೆ ಕಿರ್‌ಗುಟ್ಟುವ ಫ್ಯಾನು. ಮಧ್ಯಾಹ್ನದ ಹೊತ್ತಿಗೆ ಗೆರೆಗಳು ಇಷ್ಟು ಇಳಿದರೆ ಸಾಕೆಂದು ಇಟ್ಟಿದ್ದ ಗುರುತು ಮುಟ್ಟಿದವು, ಲೆಕ್ಕ ಮುಗಿಯಿತೆಂದು ಪರದೆಯ ಮೇಲೆ ಅಕ್ಷರ ಮೂಡಿತು. ಹೊಗೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಪೈಪಿನಿಂದ ಹೊರಗೆ ಹೋಗುತ್ತದೆ ಎಂದು ಉತ್ತರ. ಮರುದಿನ ಇನ್ನೊಬ್ಬಳ ಪಾಳಿ ಇತ್ತು. ಸರ್ ಬೇರೆ ಊರಿಗೆ ಹೋಗಿದ್ದರು. ನಾನು ಅವರಿಗೆ ಕಾಯಲಿಲ್ಲ. ಭಾಲ್ಕಿ ಬಸ್ಸು ಹತ್ತಿದೆ.

ನಮ್ಮ ಓಣಿಯಲ್ಲೇ ಒಬ್ಬ ಗೌಂಡಿ ಕಾಕಾ ಇದ್ದರು. ಗೋಡೆ ಕೆಲಸ, ತಗಡಿನ ಕೆಲಸ ಎರಡೂ ಬಲ್ಲವರು. ನನ್ನ ಚಿತ್ರ ನೋಡಿ ಎರಡೇ ದಿನದಲ್ಲಿ ಗೂಡು ಕಟ್ಟಿ, ಪೈಪು ಏರಿಸಿದರು. ಮೂರನೆಯ ದಿನ ಅವ್ವ ಒಲೆ ಹೊತ್ತಿಸಿದಳು. ಮೊದಲು ಹೊಗೆ ಚಂದಾಗಿ ಮೇಲೆ ಹೋಯಿತು. ನಾನು ಚಿಗವ್ವನ ಕೈ ಹಿಡಿದು ಕುಣಿದೆ. ಹತ್ತು ರೊಟ್ಟಿ ಬೇಯುವಷ್ಟರಲ್ಲಿ ಅದೇ ಗೂಡಿನ ಅಂಚಿನಿಂದ ಹೊಗೆ ದಬದಬ ಕೆಳಗೆ ಸುರಿಯತೊಡಗಿತು. ಮೊದಲಾದರೆ ತಗಡಿನ ಸಂದಿಯಿಂದ ಒಂದಿಷ್ಟು ಹೋಗುತ್ತಿತ್ತು. ಈಗ ಆ ಸಂದಿಗಳನ್ನೂ ಮುಚ್ಚಿಸಿಬಿಟ್ಟಿದ್ದೆ. ಚಿಗವ್ವ ಕೆಮ್ಮುತ್ತ ಹೊರಗೆ ಓಡಿದಳು. ಅವ್ವ ಮಾತ್ರ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೆಂಚಿನ ಮೇಲಿನ ರೊಟ್ಟಿ ತಿರುವಿಹಾಕಿಯೇ ಎದ್ದಳು.

"ಹೋಗ್ಲಿ ಬಿಡವ್ವಾ," ಎಂದಳು ಹೊರಗೆ ಬಂದು. "ಮೊದ್ಲಿನಕಿಂತ ಚಲೋನೇ ಅದ."

ಅದು ಸುಳ್ಳೆಂದು ಅವಳ ಕಣ್ಣುಗಳೇ ಹೇಳುತ್ತಿದ್ದವು. ಬೈದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಸಂಜೆಯ ಬಸ್ಸಿನಲ್ಲಿ ಹಲಬರ್ಗಾ ದಾಟುವವರೆಗೂ ನಾನು ಕಿಟಕಿಯತ್ತ ಮುಖ ಮಾಡಿಕೊಂಡೇ ಕೂತಿದ್ದೆ.

ಸರ್ ಬಂದ ದಿನವೇ ಎಲ್ಲ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತರು.

"ಗೆರಿ ಇಳದಾವ, ಖರೆ. ನಿನಗ ಬೇಕಾಗಿದ್ದು ಏನು?"

"ಪೈಪಿನ್ಯಾಗ ಎಷ್ಟ ಹೊಗಿ ಹೋಗ್ತದ ಅಂತ್ರಿ."

"ಆ ಅಂಕಿ ಒಂದ ಕಡಿ ನಿಂತಿತ್ತೇನು?"

ನಾನು ಅದನ್ನು ನೋಡಿಯೇ ಇರಲಿಲ್ಲ. ಗೆರೆ ಇಳಿದದ್ದಷ್ಟೇ ನೋಡಿದ್ದೆ. ಮುಗಿಯಿತೆಂದು ಕಂಪ್ಯೂಟರ್ ಹೇಳಿತ್ತು, ನಂಬಿದ್ದೆ.

ಲೆಕ್ಕ ನಿಂತಲ್ಲಿಂದಲೇ ಮತ್ತೆ ಓಡಿಸಲು ಹೇಳಿದರು. ಈ ಸಲ ತಪ್ಪಿನ ಗೆರೆಗಳ ಪಕ್ಕದಲ್ಲಿ ಪೈಪಿನ ಹೊಗೆಯ ಅಂಕಿಯನ್ನೂ ಗೆರೆಯಾಗಿ ಹಾಕಿದೆ. ಗೆರೆಗಳು ಇನ್ನೂ ಕೆಳಗಿಳಿದವು. ಅದರ ಜೊತೆಗೇ ನನ್ನ ಒಂಬತ್ತು ಪಾಲು ಎಂಟಾಯಿತು, ಏಳಾಯಿತು, ಆರಾಯಿತು. ಮೊದಲ ದಿನ ಲೆಕ್ಕ ನಿಂತಾಗ ಅದು ಇನ್ನೂ ಇಳಿಯುತ್ತಲೇ ಇತ್ತು. ಇಳಿಯುತ್ತಿದ್ದ ಅಂಕಿಯನ್ನು ದಾರಿಯಲ್ಲೇ ಹಿಡಿದು ಅವ್ವನ ಮನೆಗೆ ಒಯ್ದಿದ್ದೆ.

ಇಷ್ಟಾದರೂ ಅದು ನಿಲ್ಲಲಿಲ್ಲ. ಮೇಲೆ ಹೋಗುವುದು, ಕೆಳಗೆ ಬರುವುದು, ಮತ್ತೆ ಮೇಲೆ. ಎರಡು ದಿನ ಓಡಿಸಿದರೂ ಅದೇ ತೂಗಾಟ. ನನಗೆ ಅಳುವೇ ಬಂತು.

"ಎರಡ ಮಾತು ಇರಬಹುದು," ಎಂದರು ಸರ್. "ನಿನ್ನ ಲೆಕ್ಕದಾಗ ಏನೋ ತಪ್ಪಿರಬೇಕು. ಇಲ್ಲಾ, ಹೊಗೀನೇ ಹಂಗ ಇರಬೇಕು. ಕಂಪ್ಯೂಟರಿಗಿ ಕೇಳಬ್ಯಾಡ. ಮನಿಗಿ ಹೋಗಿ ನೋಡ್ಕೊಂಡ ಬಾ."

ಹೋದೆ. ಬೆಳಗಿನ ನಾಲ್ಕು ತಾಸು ಒಲೆಯ ಪಕ್ಕದಲ್ಲೇ ಕೂತೆ. ಹುಟ್ಟಿದಾಗಿನಿಂದ ಕಂಡ ಕೋಣೆ ಅದು, ಆದರೆ ಕೂತು ನೋಡಿದ್ದು ಅದೇ ಮೊದಲು. ಹೊಗೆ ನೆಟ್ಟಗೆ ಏರುವುದು, ಬಾಗಿಲಿನ ಗಾಳಿಗೆ ಅವ್ವನ ಕಡೆ ವಾಲುವುದು, ಮತ್ತೆ ನೆಟ್ಟಗಾಗುವುದು. ಆಗ ಇನ್ನೊಂದು ಕಂಡಿತು. ಹೊಗೆ ವಾಲುವ ಒಂದು ಗಳಿಗೆ ಮೊದಲೇ ಅವ್ವ ಹಿಂದಕ್ಕೆ ಸರಿಯುತ್ತಿದ್ದಳು. ಹೊಗೆ ಆಚೆ ಹೋದಾಗ ಮುಂದೆ ಬಾಗಿ ರೊಟ್ಟಿ ತಿರುವುತ್ತಿದ್ದಳು. ಮುಂದೆ, ಹಿಂದೆ, ಮುಂದೆ, ಹಿಂದೆ.

"ಅವ್ವಾ, ನೀ ಯಾಕ ಹಂಗ ತೂಗಾಡ್ತಿ?"

"ನಾ ಎಲ್ಲಿ ತೂಗಾಡ್ತೇನಿ?" ಎಂದಳು ಆಶ್ಚರ್ಯದಿಂದ. ಆಮೇಲೆ ತನ್ನನ್ನೇ ಗಮನಿಸಿ ನಕ್ಕಳು. "ಹೊಗಿ ಒಂದ ಕಡಿ ನಿಲ್ಲಂಗಿಲ್ಲಲ್ಲವ್ವಾ. ಅದು ಬಂದಾಗ ನಾ ಹಿಂದ, ಅದು ಹೋದಾಗ ನಾ ಮುಂದ. ಇಲ್ಲಾಂದ್ರ ರೊಟ್ಟಿ ಹ್ಯಾಂಗ ಮಾಡ್ಲಿ?"

ಮೊಬೈಲಿನಲ್ಲಿ ಸಮಯ ಹಿಡಿದು ಎಣಿಸಿದೆ. ಮೂರು ನಾಲ್ಕು ಸೆಕೆಂಡಿಗೊಂದು ಸಲ. ಇಪ್ಪತ್ತು ವರ್ಷದಿಂದ ಅವಳ ಬೆನ್ನು ಆ ಎಣಿಕೆ ಇಟ್ಟುಕೊಂಡು ಬಂದಿತ್ತು.

ನಾನು ಒಂದು ಕಡೆ ನಿಲ್ಲುವ ಉತ್ತರ ಹುಡುಕುತ್ತಿದ್ದೆ. ಹೊಗೆ ನಿಲ್ಲುವಂಥದ್ದೇ ಅಲ್ಲ. ಇದನ್ನು ಹೇಳಿದಾಗ ಸರ್ ಮೊದಲ ಸಲ ಅಗಲವಾಗಿ ನಕ್ಕರು. "ಇನ್ನ ಶುರುವಾಯ್ತು ನೋಡು ನಿನ್ನ ಪ್ರಾಜೆಕ್ಟು."

ಇನ್ನು ಹೊಗೆಯನ್ನು ಕ್ಷಣಕ್ಷಣಕ್ಕೆ ಹಿಂಬಾಲಿಸಿ ಲೆಕ್ಕ ಹಾಕಬೇಕಿತ್ತು. ಒಲೆಯ ಒಂದು ಸೆಕೆಂಡಿಗೆ ನಮ್ಮ ಕಂಪ್ಯೂಟರಿಗೆ ಅರ್ಧ ದಿನ ಹಿಡಿಯುತ್ತಿತ್ತು. ಎಷ್ಟು ಸೆಕೆಂಡು ಓಡಿಸಿದರೆ ಸಾಕು ಎಂದು ಸರ್ ಅವರನ್ನು ಕೇಳಿದೆ. ಮೊದಲಿನ ಒಂದಿಷ್ಟನ್ನು ಬಿಟ್ಟುಬಿಡು, ಅದು ಒಲೆ ಹೊತ್ತಿಸಿದ ಗದ್ದಲ. ಆಮೇಲಿನದರ ಸರಾಸರಿ ತೆಗೀತಾ ಹೋಗು. ಇನ್ನೂ ಹತ್ತು ತೂಗಾಟ ಸೇರಿಸಿದರೂ ಸರಾಸರಿ ಅಲ್ಲಾಡದಿದ್ದರೆ ಆಗ ನಿಲ್ಲಿಸು ಎಂದರು. ಇಷ್ಟೇ ದಿನ ಎಂದು ಮೊದಲೇ ಹೇಳಲು ಬರುವುದಿಲ್ಲ ಎಂಬುದೇ ಅವರ ಉತ್ತರ.

ಬೇಸಿಗೆ ರಜೆಯಲ್ಲಿ ಕಂಪ್ಯೂಟರ್ ಪೂರ್ತಿ ನನಗೇ ಬಿಟ್ಟುಕೊಟ್ಟರು. ಬೀದರಿನ ಆ ಬೇಸಿಗೆಯನ್ನು ಮತ್ತೆ ಒಂದು ದಿನಕ್ಕಾದರೂ ಬದುಕಬೇಕೆಂದು ನನಗೆ ಎಷ್ಟೋ ಸಲ ಅನಿಸಿದೆ. ಬೆಳಗ್ಗೆ ಹೋಗಿ ಪರದೆ ನೋಡುವುದು, ಎರಡು ಸೆಕೆಂಡು ಹೊಗೆ ಮುಂದೆ ಹೋಗಿದ್ದರೆ ಹಬ್ಬ. ಒಮ್ಮೆ ಕರೆಂಟು ಹೋಗಿ, ಬ್ಯಾಟರಿಯೂ ಕೈಕೊಟ್ಟು, ಮೂರು ದಿನದ ಕೆಲಸ ಹಾಳಾಯಿತು. ಮರುದಿನದಿಂದ ತಾಸಿಗೊಮ್ಮೆ ಉಳಿಸಿಡುವುದು ಕಲಿತೆ. ಖಾಲಿ ಕಾಲೇಜು. ಸರ್ ಮನೆಯಿಂದ ಮಜ್ಜಿಗೆ ತರುತ್ತಿದ್ದರು, ಅತ್ತೆ ಕಟ್ಟಿಕೊಟ್ಟ ರೊಟ್ಟಿಯನ್ನು ಇಬ್ಬರೂ ಹಂಚಿಕೊಂಡು ತಿನ್ನುತ್ತಿದ್ದೆವು. ಖಾನೆಗಳನ್ನು ಇನ್ನೂ ಸಣ್ಣದಾಗಿ ಕತ್ತರಿಸಿ, ಸ್ವಲ್ಪ ದೊಡ್ಡದಾಗಿಯೂ ಕತ್ತರಿಸಿ, ಉತ್ತರ ಬದಲಾಗುತ್ತದೆಯೇ ಎಂದು ಸರ್ ನನ್ನಿಂದ ನೋಡಿಸಿದರು. ಬೇಸರವೆಂದರೆ ಏನೆಂದು ಮರೆತೇ ಹೋಗಿತ್ತು.

ಮಳೆ ಶುರುವಾಗುವ ಹೊತ್ತಿಗೆ ನನಗೆ ಗೊತ್ತಾಯಿತು: ಗೂಡನ್ನು ಒಂದು ಗೇಣು ಕೆಳಗಿಳಿಸಬೇಕು, ಬಾಗಿಲಿನ ಕಡೆ ಒಂದು ತಗಡಿನ ಅಡ್ಡ ಕೊಡಬೇಕು, ಪೈಪು ಇನ್ನೂ ಎತ್ತರವಾಗಬೇಕು. ಆ ಹೊಸ ಗೂಡನ್ನೂ ಅಷ್ಟೇ ದಿನ ಓಡಿಸಿದೆ. ಆಮೇಲೆಯೇ ಗೌಂಡಿ ಕಾಕಾನ ಬಳಿ ಹೋದೆ.

"ಈ ಸಲ ಪಕ್ಕಾ ಏನವ್ವಾ?" ಎಂದರು ಅವರು, ಹಳೆಯ ಪೈಪು ಬಿಚ್ಚುತ್ತ.

"ಪೂರ್ತಿ ಹೋಗ್ತದ ಅಂತ ಹೇಳಂಗಿಲ್ರಿ ಕಾಕಾ. ಹತ್ತರಾಗ ಎಂಟು ಪಾಲು ಹೋಗ್ತದ. ಬಾಗಿಲ ಕಡಿಂದ ಜೋರು ಗಾಳಿ ಬಂದ್ರ ಇನ್ನಾ ಕಮ್ಮಿ."

"ಹೋದ ಸಲ ನೀ ಹಿಂಗ ಹೇಳಿದ್ದಿಲ್ಲ," ಎಂದು ಅವರು ಕೆಲಸಕ್ಕೆ ಇಳಿದರು.

ಗೂಡು ನಿಂತಿತು, ಹೊಗೆ ಹೋಯಿತು. ಪೂರ್ತಿ ಅಲ್ಲ, ಗಾಳಿ ಎದ್ದ ದಿನ ಒಂದಿಷ್ಟು ಒಳಗೆ ಬರುತ್ತಿತ್ತು. ಆದರೆ ಚಿಗವ್ವನ ಕೆಮ್ಮು ಕಡಿಮೆಯಾಯಿತು. ಅವ್ವ ಮಾತ್ರ ತಿಂಗಳುಗಟ್ಟಲೆ ಹಾಗೇ ಹಿಂದೆ ಮುಂದೆ ತೂಗುತ್ತಲೇ ರೊಟ್ಟಿ ತಿರುವುತ್ತಿದ್ದಳು, ಇಲ್ಲದ ಹೊಗೆಯಿಂದ ತಪ್ಪಿಸಿಕೊಳ್ಳುವವಳ ಹಾಗೆ. ಅದು ಯಾವಾಗ ನಿಂತಿತೋ ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಈಗ ನಾನು ಬೀದರಿನಲ್ಲೇ ಇದೇ ಪಾಠ ಹೇಳುತ್ತೇನೆ. ಅಂದು ಒಂದು ಬೇಸಿಗೆ ತಿಂದ ಲೆಕ್ಕವನ್ನು ಇಂದಿನ ಕಂಪ್ಯೂಟರ್ ಒಂದೇ ದಿನದಲ್ಲಿ ಮುಗಿಸುತ್ತದೆ. ನಿವೃತ್ತರಾದ ಸರ್ ಔರಾದಿಗೆ ಹೋಗಿ ನೆಲೆಸಿದರು. ಹೋದ ವರ್ಷ ಅವರದೇ ಫೋನು ಬಂತು: ಅಲ್ಲಿಯ ಆರು ಜನ ಹೆಂಗಸರು ಸೇರಿ ರೊಟ್ಟಿ ಮಾಡುತ್ತಾರೆ, ಕೋಣೆ ತುಂಬ ಹೊಗೆ, ಬಂದು ನೋಡು ಎಂದು. ಹೋದೆ. ಸರ್ ಕೋಲು ಊರಿಕೊಂಡು ಬಂದು ನನ್ನ ಪಕ್ಕದಲ್ಲೇ ಮಣೆಯ ಮೇಲೆ ಕೂತರು. ಇಬ್ಬರೂ ಬೆಳಗಿನಿಂದ ಹೊಗೆ ವಾಲುವುದನ್ನೇ ಕಾದೆವು. ಅದು ವಾಲಲೇ ಇಲ್ಲ. ಕಿಟಕಿ ಇದ್ದದ್ದು ಬೇರೆ ದಿಕ್ಕಿಗೆ, ಹೊಗೆ ಒಂದೇ ಸಮನೆ ಗೋಡೆ ಹಿಡಿದು ಹೋಗುತ್ತಿತ್ತು. ಮನೆಗೆ ಬಂದು ಲೆಕ್ಕ ಹಾಕಿದರೆ ಅಂಕಿಯೂ ಹಾಗೆಯೇ ಬೇಗನೆ ಬಂದು ಒಂದು ಕಡೆ ನಿಂತಿತು.

ಸರ್ ನಂಬಲಿಲ್ಲ. ಫೋನಿನಲ್ಲಿ, "ಇನ್ನೊಂದಿಷ್ಟ ಓಡ್ಸಿ ನೋಡು," ಎಂದರು.

"ಎಷ್ಟ ಓಡ್ಸಲಿ ಸರ್?"

"ನಿನ್ನ ಮನಸಿಗಿ ಬರಾಬರ್ ಅನಸೂ ತನಕ," ಎಂದರು. ಇನ್ನೆರಡು ದಿನ ಓಡಿಸಿದೆ. ಅಂಕಿ ಕದಲಲಿಲ್ಲ. ಮುಂದಿನ ವಾರ ಔರಾದಿನ ಹೆಂಗಸರು ಗೂಡಿಗೆಂದು ತಗಡು ತರಿಸಿದರು.